ಹೊಸ ಬಾಸಿಗೆ ಹಳೇ ಗೀರು

ಮನೆಯಲ್ಲೇ ಜೋಡಿಸಿದ ಬಾಸ್ ಗಿಟಾರ್ ಮಾರುವವರ ಜಾಹೀರಾತನ್ನು ಯಾವತ್ತಾದರೂ ಓದಿದ್ದೀರಾ? ಓದಬೇಕು ಸ್ವಾಮಿ. ಸ್ಕೂಟರ್ ಮಾರುವವನು ‘ಸಿಂಗಲ್ ಓನರ್, ಗುಡ್ ಕಂಡಿಷನ್’ ಅಂತ ಒಂದೇ ಉಸಿರಿಗೆ ಮುಗಿಸುತ್ತಾನೆ. ಇವರು ಹಾಗಲ್ಲ. ಮರ ಯಾವುದು, ಪಾಲಿಶ್ ಎಷ್ಟು ಕೋಟು, ಒಳಗಿನ ವೈರಿಗೆ ಸುತ್ತಿರುವುದು ಪ್ಲಾಸ್ಟಿಕ್ಕೋ ಬಟ್ಟೆಯೋ, ಎಲ್ಲ ಬರೆದು, ಕೊನೆಗೆ ‘ಒಲ್ಲದ ಮನಸ್ಸಿನಿಂದ ಮಾರುತ್ತಿದ್ದೇನೆ’ ಎಂದು ಮೂಗು ಸೀಟಿ, ಅದರ ಕೆಳಗೇ ‘ಗಂಭೀರ ಆಸಕ್ತಿ ಇದ್ದವರು ಮಾತ್ರ ಫೋನ್ ಮಾಡಿ’ ಎಂದು ಗದರಿಸುತ್ತಾರೆ. ಬೆಲೆಯ ಸಾಲಿಗೆ ಬರುವಷ್ಟರಲ್ಲಿ ಓದುವವನ ಕಣ್ಣು ಒದ್ದೆಯಾಗಿರಬೇಕು. ಬೆಲೆ ನೋಡಿದ ಮೇಲೂ ಆಗುತ್ತದೆ, ಅದು ಬೇರೆ ಕಾರಣಕ್ಕೆ.

ನನ್ನ ಭಾವಮೈದುನ ಈ ವಿದ್ಯೆಯಲ್ಲಿ ಒಂದು ಕೈ ಮೇಲು. ಅವನದು 1962ರ ಫೆಂಡರ್ ಪ್ರಿಸಿಷನ್ ಬಾಸಿನ ಥೇಟ್ ಅಚ್ಚು. ಬಾಡಿ ಒಂದು ಕಡೆಯಿಂದ, ನೆಕ್ ಇನ್ನೊಂದು ಕಡೆಯಿಂದ, ಪಿಕಪ್ ಮತ್ತೊಂದು ಕಡೆಯಿಂದ ಪಾರ್ಸೆಲ್ ಬಂದವು. ಚಿಲ್ಲರೆ ಸಾಮಾನೆಲ್ಲ ನಮ್ಮ ಎಸ್.ಪಿ. ರೋಡಿನದು. ಎರಡು ಪಾಟು, ಒಂದು ಕೆಪಾಸಿಟರು, ಒಂದು ಜಾಕು. ಅಷ್ಟೇ ಕಣ್ರೀ ಅದರ ಹೊಟ್ಟೆಯೊಳಗಿರುವ ವಿದ್ಯುತ್ ವಿದ್ಯೆ. ಅಂಗಡಿಯವನು ಪಟ್ಟಿ ನೋಡಿ, “ಮಿಕ್ಸಿಗಾ ಸಾರ್?” ಅಂದನಂತೆ. ಇವನು ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಜೋಡಿಸುವ ಈ ಹುಚ್ಚಿಗೆ ನಾನು ಭಾವಮೈದುನನನ್ನು ದೂರುವುದಿಲ್ಲ. ಮೂಲ ಆರೋಪಿ ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಆ ಕಾಲದಲ್ಲಿ ಬಾಸ್ ಅಂದರೆ ಆಳೆತ್ತರದ ಡಬಲ್ ಬಾಸ್. ಅದನ್ನು ಹೊತ್ತುಕೊಂಡು ಊರೂರು ತಿರುಗಬೇಕು, ತಿರುಗಿದರೂ ಡ್ರಮ್ಮು ಕಹಳೆಗಳ ನಡುವೆ ಯಾರ ಕಿವಿಗೂ ಬೀಳದು. ಲಿಯೋ ರಿಪೇರಿಯವನ ತಲೆ ಓಡಿಸಿದ: ಹೆಗಲಿಗೆ ನೇತುಹಾಕುವ ಹಾಗಿರಲಿ, ಆಂಪ್ಲಿಫೈಯರಿಗೆ ಸಿಕ್ಕಿಸುವ ಹಾಗಿರಲಿ, ಕೆಟ್ಟರೆ ಬಿಚ್ಚಿ ಬೇರೆ ಹಾಕುವ ಹಾಗಿರಲಿ. ಪಿಟೀಲು ಮಾಡುವವರು ಅಂಟು ಕಾಯಿಸಿ ಕೂರಿಸುವ ಕತ್ತನ್ನು ಈತ ನಾಲ್ಕು ಸ್ಕ್ರೂ ಹಾಕಿ ಬಿಗಿದುಬಿಟ್ಟ. ಬೆರಳು ಕರಾರುವಾಕ್ಕಾಗಿ ಸ್ವರದ ಮೇಲೇ ಕೂರಲಿ ಎಂದು ಫ್ರೆಟ್ ಜಡಿದ. 1951ರಲ್ಲಿ ಪ್ರಿಸಿಷನ್ ಬಾಸ್ ಹೊರಗೆ ಬಂತು. ಅದಕ್ಕೂ ಹದಿನೈದು ವರ್ಷ ಮೊದಲೇ ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ ಎಂಬಾತ ಇಂಥದ್ದೇ ಒಂದನ್ನು ಮಾಡಿ ಮಾರಲು ಕೂತಿದ್ದ. ಹೆಚ್ಚು ಜನ ಕೊಳ್ಳಲಿಲ್ಲ. ನನ್ನ ಭಾವಮೈದುನನ ನಿಜವಾದ ಪೂರ್ವಜ ಅವನೇ ಇರಬೇಕು.

ತಮಾಷೆ ಏನೆಂದರೆ ಲಿಯೋಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಇದಕ್ಕೆ ಸಾಕ್ಷಿ ಬಾಸಿನ ಮೈಮೇಲೇ ಇದೆ. ತಂತಿಗಳ ಕೆಳಬದಿಗೆ ಒಂದು ಸಣ್ಣ ಪಟ್ಟಿ ಜಡಿದಿರುತ್ತಿದ್ದರು. ಬೆರಳುಗಳನ್ನು ಅದಕ್ಕೆ ಆನಿಸಿಕೊಂಡು ಹೆಬ್ಬೆರಳಲ್ಲಿ ಮೀಟುತ್ತಾರೆ ಎಂಬುದು ಯಜಮಾನರ ಲೆಕ್ಕ. ನುಡಿಸುವವರು ಉಲ್ಟಾ ಮಾಡಿದರು: ಹೆಬ್ಬೆರಳನ್ನು ಮೇಲೆ ಆನಿಸಿ ಬೆರಳಲ್ಲಿ ಮೀಟಿದರು. ಕಂಪನಿಗೆ ಆ ಪಟ್ಟಿಯನ್ನು ಮೇಲ್ಬದಿಗೆ ಸರಿಸಲು 1974 ಆಗಬೇಕಾಯಿತು. ನಮ್ಮವನು ಅದನ್ನು ಕೆಳಬದಿಯಲ್ಲೇ, ಸ್ಕೇಲ್ ಹಿಡಿದು ಅಳೆದು, ಜಡಿದಿದ್ದಾನೆ.

“ಇದರಿಂದ ಉಪಯೋಗ ಏನಪ್ಪಾ?” ಅಂದೆ.

“ಏನೂ ಇಲ್ಲ ಭಾವ. ಒರಿಜಿನಲ್ಲಲ್ಲಿ ಹಾಗೇ ಇದೆ.”

ನೆಕ್ಕಿನ ಕಥೆಯೂ ಅದೇ. ತಂತಿಗಳ ಎಳೆತಕ್ಕೆ ಕತ್ತು ಬಾಗದಿರಲಿ ಎಂದು ಒಳಗೊಂದು ಉಕ್ಕಿನ ಸರಳು ಇರುತ್ತದೆ. ಈಗಿನ ಬಾಸುಗಳಲ್ಲಿ ಅದರ ತಿರುಪು ಸಾಮಾನ್ಯವಾಗಿ ತಲೆಯ ಕಡೆ, ಅಲೆನ್ ಕೀ ಹಾಕಿ ತಿರುಗಿಸಿದರೆ ಮುಗಿಯಿತು. ಹಳೆಯದರಲ್ಲಿ ತಿರುಪು ಬುಡದ ಕಡೆ. ತಂತಿ ಸಡಿಲಿಸಿ, ನಾಲ್ಕೂ ಸ್ಕ್ರೂ ಬಿಚ್ಚಿ, ನೆಕ್ ಕಳಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಎಲ್ಲ ಕೂಡಿಸಿ, ಶ್ರುತಿ ಮಾಡಿ, ಸರಿಯಾಯಿತೇ ಎಂದು ನೋಡಬೇಕು. ಆಗಿರುವುದಿಲ್ಲ. ಪುನಃ ಬಿಚ್ಚಬೇಕು. ಇವನು ಅಂಥದ್ದೇ ನೆಕ್ ಬೇಕೆಂದು ಹುಡುಕಿ, ಕಾದು, ಹೆಚ್ಚಿನ ದುಡ್ಡು ತೆತ್ತು ತರಿಸಿದ್ದಾನೆ. ಹಳೇ ಕಾಲದ ಸುಖಕ್ಕೆ ಆಸೆಪಡುವವರನ್ನು ಕಂಡಿದ್ದೆ, ಹಳೇ ಕಾಲದ ತಾಪತ್ರಯವನ್ನು ಅಡ್ವಾನ್ಸ್ ಕೊಟ್ಟು ಬುಕ್ ಮಾಡುವವನನ್ನು ಕಂಡದ್ದು ಇದೇ ಮೊದಲು. ಆ ನೆಕ್ಕಿನ ಮೇಲ್ಪಟ್ಟಿ ‘ಇಂಡಿಯನ್ ರೋಸ್‌ವುಡ್’ ಅಂತೆ. ಅಂದರೆ ನಮ್ಮ ಬೀಟೆ, ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಅದೇ ಮರ. ಸಮುದ್ರ ದಾಟಿ ಹೋಗಿ, ಅಲ್ಲಿ ಫ್ರೆಟ್ ಹೊಡೆಸಿಕೊಂಡು, ನಮ್ಮ ಕಸ್ಟಮ್ಸ್‌ನವರಿಗೆ ಸುಂಕ ಕಟ್ಟಿ ತವರಿಗೆ ಬಂದಿದೆ.

ಇಷ್ಟಾದ ಮೇಲೆ ಬಾಸು ಫಳಫಳ ಹೊಳೆಯುತ್ತಿತ್ತು. ಹೊಳೆದರೆ ಆದೀತೇ? 1962ರದ್ದು ಹೊಳೆಯಬಾರದು. ಫೆಂಡರ್ ಕಂಪನಿಯವರೇ 1995ರಿಂದ ಹೊಸ ವಾದ್ಯಗಳನ್ನು ಕೆರೆದು, ತುಕ್ಕು ಹಿಡಿಸಿ, ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತಿದ್ದಾರೆ. ಇವನೂ ಉಪ್ಪುಕಾಗದ ಹಿಡಿದು ಕೂತ. ಎಲ್ಲಿ ಮೊಣಕೈ ತಾಗಿ ಬಣ್ಣ ಸವೆಯುತ್ತದೆ, ಎಲ್ಲಿ ಬೆಲ್ಟಿನ ಬಕಲ್ ಉಜ್ಜಿ ಗೀರು ಬೀಳುತ್ತದೆ ಎಂದು ಫೋಟೋ ಇಟ್ಟುಕೊಂಡು ನೋಡಿ ನೋಡಿ ಗೀಚಿದ. ನಾಜೂಕಿನ ಕೆಲಸ ಕಣ್ರೀ, ಎಸ್ಸೆಸ್ಸೆಲ್ಸಿಯಲ್ಲಿ ಭೂಪಟವನ್ನು ಇಷ್ಟು ಶ್ರದ್ಧೆಯಿಂದ ಬರೆದಿದ್ದರೆ ಸಮಾಜದಲ್ಲಿ ಪಾಸಾಗುತ್ತಿದ್ದ. ಬಿಳಿಯ ಪಿಕ್‌ಗಾರ್ಡ್ ಮುದಿಯಾಗಿ ಕಾಣಬೇಕಲ್ಲ, ಅದನ್ನು ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಹಾಕಿದ. ಬೆಳಗ್ಗೆ ಎದ್ದು ಫಿಲ್ಟರ್ ತೆಗೆದ ನನ್ನ ಹೆಂಡತಿ ಅವತ್ತು ತಮ್ಮನ ಮೇಲೆ ಆಡಿದ ಮಾತು ಅಚ್ಚಿಗೆ ಯೋಗ್ಯವಲ್ಲ. ಸ್ಕ್ರೂಗಳಿಗೆ ತುಕ್ಕು ಬರಿಸಲು ಬಚ್ಚಲ ಆಸಿಡ್ಡಿನ ಬಾಟಲಿ ತೆರೆದಾಗಂತೂ ಇಡೀ ಮಹಡಿ ಕೆಮ್ಮಿತು.

ಅಷ್ಟೆಲ್ಲ ಮಾಡಿದ ಮೈಮೇಲೆ ಅಸಲಿ ಹಳೆಯ ಗುರುತು ಒಂದೇ ಒಂದು. ಆಯುಧಪೂಜೆಯ ದಿನ ನಮ್ಮತ್ತೆ ಅದನ್ನೂ ಮಿಕ್ಸಿ, ಸ್ಕೂಟರ್, ಕುಟ್ಟಾಣಿಗಳ ಸಾಲಿನಲ್ಲಿಟ್ಟು ತಲೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ಪಾಲಿಶ್ ಇನ್ನೂ ಪೂರ್ತಿ ಒಣಗಿರಲಿಲ್ಲ, ಕುಂಕುಮ ಒಳಗೇ ಕೂತುಬಿಟ್ಟಿದೆ. ಫೋಟೋ ತೆಗೆಯುವಾಗ ಅದು ಮಾತ್ರ ಕಾಣದ ಹಾಗೆ ಇವನು ಹೆಬ್ಬೆರಳು ಅಡ್ಡ ಇಡುತ್ತಾನೆ.

ಇನ್ನು ಬೆಲೆಯ ವಿಚಾರ. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಪಟ್ಟಿ ತೆರೆದು ತೋರಿಸಿದ. ಬಾಡಿ, ನೆಕ್ಕು, ಬಿರಡೆ, ಪಿಕಪ್, ಬ್ರಿಡ್ಜು, ಕೊರಿಯರ್ರು, ಸುಂಕ.

“ನಿನ್ನ ಕೂಲಿ ಎಲ್ಲೋ?”

“ಕೂಲಿ ಹಾಕಿಲ್ಲ ಭಾವ. ಅದೆಲ್ಲ ಪ್ರೀತಿಗೆ ಮಾಡಿದ್ದು.”

“ಕೊನೇ ಸಾಲಿನಲ್ಲಿ ‘ಇತರೆ’ ಅಂತ ಹದಿನೈದು ಸಾವಿರ ಇದ್ಯಲ್ಲ?”

“ಅದೇ ಪ್ರೀತಿ.”

ತೊಂದರೆ ಇರುವುದು ತಲೆಯಲ್ಲಿ. ಬಾಸಿನ ತಲೆ ಅಂದೆ. ಅಲ್ಲಿ ಹೆಸರಿಲ್ಲ. ಫೆಂಡರ್ ಎಂಬ ಸ್ಟಿಕ್ಕರ್ ತರಿಸಿ ಅಂಟಿಸಿ ದುಪ್ಪಟ್ಟು ಮಾಡುವ ಮಹನೀಯರು ಇದ್ದಾರೆ. ಇವನು ಅಷ್ಟು ಕೆಟ್ಟಿಲ್ಲ, ಖಾಲಿ ಬಿಟ್ಟಿದ್ದಾನೆ. ಕಾನೂನಿನ ಪ್ರಕಾರವೂ ವಿಚಿತ್ರ ಇದೆ: ಪ್ರಿಸಿಷನ್ ಬಾಸಿನ ಮೈಯ ಆಕಾರವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಕಂಪನಿ ಹೋದಾಗ, 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ, ಊರೆಲ್ಲ ಮಾಡುತ್ತಿರುವ ಆಕಾರ ಇದು, ನಿಮ್ಮೊಬ್ಬರದಲ್ಲ ಎಂದು ವಾಪಸ್ ಕಳಿಸಿತು. ತಲೆಯ ಆಕಾರ ಮಾತ್ರ ಕಂಪನಿಯ ಹಕ್ಕಿನಲ್ಲೇ ಉಳಿಯಿತು. ಹೀಗಾಗಿ ಮೈ ಎಲ್ಲರದು, ತಲೆ ಫೆಂಡರಿನದು. ಕೊಳ್ಳುವವರು ದುಡ್ಡು ಕೊಡುವುದು ತಲೆ ನೋಡಿ. ಅದರಲ್ಲೂ 1965ಕ್ಕೆ ಮುಂಚಿನ ತಲೆಗೆ. ಆ ವರ್ಷ ಲಿಯೋ ತನ್ನ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದ. ಅದಕ್ಕೆ ಹಿಂದಿನದೆಲ್ಲ ಅಪರಂಜಿ, ಮುಂದಿನದೆಲ್ಲ ಬರೀ ಮರ ಎಂದು ಸಂತೆಯಲ್ಲಿ ತೀರ್ಮಾನವಾಗಿಹೋಗಿದೆ. ನಾಲ್ಕು ಸ್ಕ್ರೂ ಅವಕ್ಕೂ, ನಾಲ್ಕು ಸ್ಕ್ರೂ ಇದಕ್ಕೂ. ಫುಲ್ಲರ್‌ಟನ್‌ನಲ್ಲಿ ತಿರುಗಿಸಿದರೆ ಕಾರ್ಖಾನೆ, ಹನುಮಂತನಗರದಲ್ಲಿ ತಿರುಗಿಸಿದರೆ ಗಿಲೀಟು.

“ಬೆಲೆ ಬರಬೇಕಾದ್ರೆ ಕಳುವಾಗ್ಬೇಕು ಕಣೋ,” ಎಂದು ನನ್ನ ಹೆಂಡತಿ ತಮ್ಮನಿಗೆ ಉಪಾಯ ಹೇಳಿದಳು. ಅವಳ ಮಾತಲ್ಲಿ ಇತಿಹಾಸ ಇದೆ. ಪಾಲ್ ಮೆಕಾರ್ಟ್ನಿಯ ಹಾಫ್ನರ್ ಬಾಸು 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿ, ಐವತ್ತೊಂದು ವರ್ಷದ ಮೇಲೆ ಸಿಕ್ಕಿ, ಜಗತ್ತೇ ಸುದ್ದಿ ಮಾಡಿತು. ಮೋಟೌನ್ ಹಾಡುಗಳ ಜೇಮ್ಸ್ ಜೇಮರ್ಸನ್‌ನ ಬಾಸು ಅವನು ಸಾಯುವ ಕೆಲವೇ ದಿನ ಮೊದಲು, 1983ರಲ್ಲಿ, ಕಳುವಾಯಿತು. ಜಾಕೋ ಪಾಸ್ಟೋರಿಯಸ್‌ನದು 1986ರಲ್ಲಿ. ನಾವೂ ಬಾಗಿಲು ತೆರೆದಿಟ್ಟು ನೋಡಿದೆವು. ಯಾರೂ ಬರಲಿಲ್ಲ. ಹೊರಗಿಟ್ಟಿದ್ದ ಚಪ್ಪಲಿ ಹೋಯಿತು.

ಫೋನು ಬರುತ್ತಿತ್ತು, ಇಲ್ಲವೆನ್ನಲಾರೆ. ಒಬ್ಬ ರಾತ್ರಿ ಹನ್ನೊಂದೂವರೆಗೆ ‘ಲಾಸ್ಟ್ ಎಷ್ಟು’ ಎಂದು ಮೆಸೇಜು ಹಾಕಿ ಅಂತರ್ಧಾನ. ಒಬ್ಬ ಬದಲಿಗೆ ಫ್ರಿಜ್ ಕೊಡುತ್ತೇನೆ ಅಂದ. ಮಗನಿಗೆ ಕೊಡಿಸಲು ಬಂದ ಒಬ್ಬರು ಎಣಿಸಿ ನೋಡಿ, “ನಾಲ್ಕೇ ತಂತಿ ಇವೆ, ಇನ್ನೆರಡು ನೀವೇ ಹಾಕಿಸಿಕೊಡ್ತೀರಾ, ಇಲ್ಲಾ ರೇಟಲ್ಲಿ ಕಳೀತೀರಾ?” ಅಂದರು. ‘ನಾಕು ತಂತಿ’ಗೆ ಜ್ಞಾನಪೀಠ ಬಂದ ನಾಡು ಸ್ವಾಮಿ ಇದು, ಇಲ್ಲೇ ಈ ಪ್ರಶ್ನೆ! ಇವನು ತಂಬೂರಿಗೂ ನಾಲ್ಕೇ ತಂತಿ ಎಂದು ವಾದಕ್ಕಿಳಿದ. ಅವರು “ಹಾಗಾದ್ರೆ ತಂಬೂರೀನೇ ತಗೋತೀವಿ” ಎಂದು ಹೊರಟೇಹೋದರು.

ಒಬ್ಬ ಬಲ್ಲವನೂ ಬಂದ. ಪ್ಲಗ್ ಸಿಕ್ಕಿಸುವ ಮೊದಲು ನೆಕ್ಕನ್ನು ಮುಖಕ್ಕೆ ಹಿಡಿದು, ಕೋವಿ ಗುರಿಯಿಟ್ಟವನ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. ನೆಕ್ಕು ಬಾಡಿ ಕೂಡುವಲ್ಲಿ ವಿಸಿಟಿಂಗ್ ಕಾರ್ಡ್ ತೂರಿಸಿ ಸಂದು ಪರೀಕ್ಷಿಸಿದ. ಕಾರ್ಡು ಹೋಗಲಿಲ್ಲ. ಭಾವಮೈದುನನ ಎದೆ ಉಬ್ಬಿತು. ಒಂದು ಗಂಟೆ ನುಡಿಸಿದ, ಎರಡು ಲೋಟ ಕಾಫಿ ಕುಡಿದ, ‘ಸೂಪರ್ ಬಿಲ್ಡು ಬ್ರೋ’ ಅಂದ, ಆಮೇಲೆ ಮೆಲ್ಲಗೆ, “ಬಾಡಿ ಬೇಡ, ನೆಕ್ ಮಾತ್ರ ಬಿಚ್ಚಿ ಕೊಡ್ತೀಯಾ?” ಎಂದು ಕೇಳಿದ. ನೆಕ್ಕೊಂದಕ್ಕೇ ಅವನು ಹೇಳಿದ ಬೆಲೆ, ಇಡೀ ಬಾಸಿಗೆ ಹಿಂದಿನ ದಿನ ಬಂದಿದ್ದ ಬೇಡಿಕೆಗಿಂತ ಜಾಸ್ತಿ! ಈ ವ್ಯಾಪಾರದ ಗುಟ್ಟು ನನಗೆ ತಿಳಿದದ್ದು ಆಗ. ಜೋಡಿಸಿದ್ದರಿಂದ ಬೆಲೆ ಇಳಿದಿದೆ, ಬಿಚ್ಚಿದರೆ ಏರುತ್ತದೆ. ಪಿಕಪ್ ಒಬ್ಬರಿಗೆ, ನೆಕ್ ಒಬ್ಬರಿಗೆ, ಬಾಡಿ ಇನ್ನೊಬ್ಬರಿಗೆ ಹಂಚಿದರೆ ಹಾಕಿದ ದುಡ್ಡು ಹೆಚ್ಚುಕಮ್ಮಿ ವಾಪಸ್. ನಾನು ಸ್ಕ್ರೂಡ್ರೈವರ್ ತಂದುಕೊಟ್ಟೆ. ಭಾವಮೈದುನ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಬಂದವರು ಚನ್ನರಾಯಪಟ್ಟಣದ ಆರ್ಕೆಸ್ಟ್ರಾದವರು. ಗಣೇಶನ ಹಬ್ಬ ಹತ್ತಿರ ಬಂದಿತ್ತು, ಅರ್ಜೆಂಟು. 1962, ಬೀಟೆ ಮರ, ಬಟ್ಟೆ ಸುತ್ತಿದ ವೈರು, ಯಾವುದೂ ಅವರಿಗೆ ಬೇಡ. ಆಂಪ್ಲಿಫೈಯರ್ ಹಾಕಿಸಿ ದಪ್ಪ ತಂತಿಯನ್ನು ಒಂದೇ ಸಲ ಮೀಟಿದರು. ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಝುಂ ಅಂದವು. “ಹಮ್ಮಿಂಗ್ ಇಲ್ಲ, ಗುಡ್” ಅಂದರು. ಆಮೇಲೆ ಮೈಯನ್ನು ಹೊರಳಿಸಿ ಹೊರಳಿಸಿ ನೋಡಿ ಮುಖ ಸಣ್ಣ ಮಾಡಿದರು.

“ತುಂಬಾ ಗೀಚಿಬಿಟ್ಟಿದಾರಲ್ಲ ಸಾರ್. ಯಾರು, ಮಕ್ಕಳಾ?”

ಭಾವಮೈದುನ ಬಾಯಿ ತೆರೆದ, ಮಾತು ಬರಲಿಲ್ಲ.

“ಗೀರಿಗೆ ಒಂದು ಐದು ಸಾವಿರ ಕಳೀರಿ. ನಾನು ಹೆಂಗೂ ಗ್ಯಾರೇಜಲ್ಲಿ ಡ್ಯೂಕೋ ಹೊಡೆಸ್ತೀನಿ, ಹೊಸದಾಗುತ್ತೆ.”

ಇವನ ಕಣ್ಣಲ್ಲಿ ನೀರೇ ಬಂತು. ಸುಮ್ಮನಿರಲಾರದೆ ನಾನು, ಇವನ ಬಾಯಿಂದಲೇ ಹಿಂದೊಮ್ಮೆ ಕೇಳಿದ್ದನ್ನು ನೆನಪಿಸಿದೆ: ಫೆಂಡರ್‌ನವರು ಆ ಕಾಲದಲ್ಲಿ ಬಣ್ಣದ ಗಿಟಾರುಗಳಿಗೆ ಹೊಡೆಯುತ್ತಿದ್ದುದೇ ಡ್ಯುಪಾಂಟ್ ಕಂಪನಿಯ ಕಾರಿನ ಬಣ್ಣ, ಡ್ಯೂಕೋ ಸಮೇತ. ಅವರ ಹೆಸರುವಾಸಿ ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನದು. ಗ್ಯಾರೇಜಿನಲ್ಲಿ ಹೊಡೆಸಿದರೆ ಸಂಪ್ರದಾಯಕ್ಕೆ ಭಂಗವೇನೂ ಇಲ್ಲ.

ಭಾವಮೈದುನ ಮೂಗೊರೆಸಿಕೊಂಡು, ಸ್ವಲ್ಪ ಆಸೆಯಿಂದ, “ಯಾವ ಕಲರ್ ಹೊಡೆಸ್ತೀರಿ?” ಅಂದ.

“ಕೆಂಪೇ. ನಮ್ಮ ಕೆಎಸ್ಸಾರ್ಟಿಸಿ ಬಸ್ ಇದ್ಯಲ್ಲ ಸಾರ್, ಆ ಕೆಂಪು.” ಜೇಬಿನಿಂದ ನೋಟಿನ ಕಂತೆ ತೆಗೆದು ಎಣಿಸುತ್ತಾ, ಕೆಳಬದಿಯ ಪಟ್ಟಿಯನ್ನು ಉಗುರಿನಿಂದ ತಟ್ಟಿದರು. “ಇದೇನೋ ಉಲ್ಟಾ ಕೂತಿದೆ. ಒಂದು ಸ್ಕ್ರೂಡ್ರೈವರ್ ಕೊಡಿ, ತೆಗೆದುಬಿಡ್ತೀನಿ.”