ಜೊತೆಗಿರಲಿ ಇನ್ನೊಂದು

ಸತ್ತ ನಾಯಿಗೆ ಅಳಬಹುದು. ಕಳೆದುಹೋದ ನಾಯಿಗೆ ಲೈಟುಕಂಬಕ್ಕೆ ಚೀಟಿ ಅಂಟಿಸಬಹುದು. ಬರಬೇಕಾಗಿದ್ದು ಬಾರದೇ ಹೋದ ನಾಯಿಗೆ ಏನು ಮಾಡಬೇಕೆಂದು ಮಾತ್ರ ಯಾವ ಹಿರಿಯರೂ ಹೇಳಿಕೊಟ್ಟಿಲ್ಲ. ಮುಖ ಯಾಕೆ ಸಪ್ಪಗಿದೆ ಎಂದು ಕೇಳಿದವರಿಗೆ ನಿಜ ಹೇಳಿದರೆ, ‘ಮನೇಲಿ ಒಂದಿದೆಯಲ್ಲ!’ ಎಂದು ಕಾಫಿ ಕುಡಿಯಲು ಹೋಗುತ್ತಾರೆ.

ಹೌದು, ಒಂದಿದೆ. ಹೆಸರು ಚಕ್ಕುಲಿ, ಬಾಲದ ದೆಸೆಯಿಂದ ಬಂದದ್ದು. ಮೈಸೂರಿನ ನಮ್ಮ ಬೀದಿಯಲ್ಲೇ ಹುಟ್ಟಿ, ಒಂದು ಮಳೆಗಾಲ ನಮ್ಮ ಸ್ಕೂಟರಿನ ಕೆಳಗೆ ತಂಗಿ, ಆಮೇಲೆ ಜಗಲಿ, ಆಮೇಲೆ ನಡುಮನೆ, ಕೊನೆಗೆ ಸೋಫಾ ಎಂದು ಹಂತಹಂತವಾಗಿ ಒತ್ತುವರಿ ಮಾಡಿಕೊಂಡು ಬಂದವಳು. ಇವಳಿಗೆ ಒಂಟಿತನ ಕಾಡುತ್ತಿದೆ ಎಂದು ಕಂಡುಹಿಡಿದದ್ದು ನನ್ನ ಹೆಂಡತಿ. ಸಾಕ್ಷಿ: ಮಧ್ಯಾಹ್ನದ ಹೊತ್ತು ನಿಟ್ಟುಸಿರು ಬಿಡುತ್ತಾಳೆ. ನಾನೂ ಬಿಡುತ್ತೇನೆ, ಅದನ್ನು ಗ್ಯಾಸ್ ಎನ್ನುತ್ತಾರೆ. ‘ಒಂದೇ ಆದರೆ ಹಟಮಾರಿ ಆಗುತ್ತೆ, ಜೊತೆಗಿರಲಿ ಇನ್ನೊಂದು’ ಎಂದರು ಅತ್ತೆ. ಮಗಳು ಹುಟ್ಟಿದ ಮೇಲೂ ಅವರು ಇದೇ ಮಾತನ್ನು ಇದೇ ರಾಗದಲ್ಲಿ ಅಂದಿದ್ದರು. ಆಗ ಬಗ್ಗದವರು ಈಗ ಬಗ್ಗಿದೆವು. ಚಕ್ಕುಲಿಯ ಅಭಿಪ್ರಾಯ ಯಾರೂ ಕೇಳಲಿಲ್ಲ. ಪಕ್ಕದ ಮನೆಯ ನಾಯಿ ಗೇಟಿನ ಹತ್ತಿರ ಸುಳಿದರೆ ಅವಳು ಹಲ್ಲು ತೋರಿಸುವ ರೀತಿಯಲ್ಲೇ ಅದು ಸ್ಪಷ್ಟವಾಗಿತ್ತು, ಆ ಮಾತು ಬೇರೆ.

ಸಹೋದ್ಯೋಗಿಯೊಬ್ಬರ ಊರು ಮುಧೋಳದ ಹತ್ತಿರ. ಅವರ ತೋಟದ ಮನೆಯ ನಾಯಿ ಗಬ್ಬವಾಗಿದೆ, ಒಂದು ಹೆಣ್ಣುಮರಿ ನಿಮಗೇ ಎಂದು ಮಾತು ಕೊಟ್ಟರು. ಮುಧೋಳದ ತಳಿಯೆಂದರೆ ಸಾಮಾನ್ಯವೆ? ಘೋರ್ಪಡೆ ಅರಸರು ಪೋಷಿಸಿದ್ದು, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು, ಸೇನೆಗೂ ಸೇರಿದ್ದು. ಸ್ಕೂಟರಿನ ಕೆಳಗಿಂದ ಬಂದ ವಂಶದ ಪಕ್ಕದಲ್ಲಿ ಇಂಥದ್ದೊಂದು ಕೂರುತ್ತದಲ್ಲ ಎಂದು ನಾನು ಉಬ್ಬಿದೆ. ಓಟದ ನಾಯಿ, ಗೋಡೆ ಹಾರೀತು ಎಂದು ಕಾಂಪೌಂಡಿನ ಮೇಲೆ ಜಾಲರಿ ಹಾಕಿಸಿದೆ. ಎರಡನೇ ಬಟ್ಟಲು ಬಂತು, ಎರಡನೇ ಹಾಸಿಗೆ ಬಂತು. ಎರಡೂ ನಾಯಿಗಳ ಮೊದಲ ಭೇಟಿ ಮನೆಯಲ್ಲಿ ಬೇಡ, ಯಾರ ಸ್ವತ್ತೂ ಅಲ್ಲದ ಜಾಗದಲ್ಲಿ ಆಗಲಿ ಎಂದರು ಪಶುವೈದ್ಯರು. ಹುಡುಕಿದೆವು. ನಮ್ಮ ಬಡಾವಣೆಯಲ್ಲಿ ಚಕ್ಕುಲಿ ಕಾಲೆತ್ತಿ ತನ್ನದೆಂದು ಬರೆದುಕೊಳ್ಳದ ಜಾಗವೇ ಇರಲಿಲ್ಲ. ಹೆಣ್ಣುನಾಯಿಗಳು ಕಾಲೆತ್ತುವುದು ಕಡಿಮೆ ಎನ್ನುತ್ತಾರೆ. ಅವಳಿಗೆ ಯಾರೂ ತಿಳಿಸಿಲ್ಲ.

ಹೆಸರಿನ ಜಗಳ ದೊಡ್ಡದಾಯಿತು. ಮಗಳು ಕೋಡುಬಳೆ ಎಂದಳು. ನಾನು ಕಾಳಿ ಎಂದೆ. ಸುಮ್ಮನೆ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ವೀರಗಲ್ಲು ಸಿಕ್ಕಿದೆ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ, ಏನು ಬೇಕೋ ಕೇಳು ಎಂದು ಅರಸ ಅಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಇಷ್ಟನ್ನೂ ನಾನು ಊಟದ ಹೊತ್ತಿನಲ್ಲಿ ಭಾವುಕನಾಗಿ ವಿವರಿಸಿದರೆ ಅಮ್ಮ, ‘ಬೆಳಿಗ್ಗೆ ಎದ್ದು ಏ ಕಾಳಿ, ಚಪ್ಪಲಿ ಬಿಡೇ ದರಿದ್ರದವಳೇ ಅಂತ ಕೂಗೋಕಾಗುತ್ತಾ? ದೇವರ ಹೆಸರು’ ಎಂದು ಮುಗಿಸಿದರು. ಶಾಸನತಜ್ಞರ ಹತ್ತಿರವೂ ಇದಕ್ಕೆ ಉತ್ತರ ಇರಲಾರದು.

ನಾಯಿಯ ಬಸುರು ಸುಮಾರು 63 ದಿನ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರ ನಿಯಮವೂ ಇದೆ. ನಮ್ಮದು ಮಾರಾಟವೇನಲ್ಲ, ಆದರೂ ತಾಯಿಯ ಹತ್ತಿರ ಅಷ್ಟು ದಿನ ಇದ್ದರೆ ಮರಿಗೆ ನಡತೆ ಬರುತ್ತದೆ ಎಂದು ನಾನೇ ಪಟ್ಟು ಹಿಡಿದು ಕಾದೆ. ಒಳ್ಳೆಯ ನಿಯಮ, ಮರಿಗೆ ಬೇಕಾದದ್ದೇ. ಆದರೆ ಎಂಟು ವಾರ ಆ ಮರಿ ಒಬ್ಬ ಅಜ್ಜಿಯ ಕಣ್ಣೆದುರು ಓಡಾಡಿಕೊಂಡಿದ್ದರೆ ಏನಾಗುತ್ತದೆ ಎಂಬ ಬಗ್ಗೆ ನಿಯಮ ಮೌನವಾಗಿದೆ.

ಹೊರಡುವ ಮುಂಚಿನ ಸಂಜೆ ಫೋನ್ ಬಂತು. ‘ಸರ, ಹೆಂಗ ಹೇಳ್ಬೇಕೋ ತಿಳೀವಲ್ದು. ಅವ್ವ ಮರಿ ಕೊಡಾಕ ಒಲ್ಲೆ ಅನ್ನಾಕತ್ಯಾಳ್ರೀ. ಹಾಸಿಗ್ಯಾಗ ಮಲಗಿಸ್ಕೊಂಡಾಳ.’ ಉಳಿದ ಮರಿಗಳು ಆಗಲೇ ನೆಂಟರ ಪಾಲಾಗಿದ್ದವು. ಮಣಲೇರನಿಗೆ ಕೊಡಬೇಕಾದವನು ಅರಸ, ಕೊಟ್ಟ. ಅಜ್ಜಿಯಾಗಿದ್ದರೆ ಅವನೂ ನನ್ನ ಹಾಗೇ ಬರಿಗೈಯಲ್ಲಿ ಕೂತಿರುತ್ತಿದ್ದ.

ಮಗಳು ಒಂದು ರಾತ್ರಿ ಅತ್ತಳು. ಹೆಂಡತಿ ಅಳಲಿಲ್ಲ, ಬದಲಿಗೆ ಅಲಮಾರು ಜೋಡಿಸಿದಳು. ಅದು ಹೆಚ್ಚು ಗಂಭೀರ. ಎದುರುಮನೆಯವರು 2022ರಲ್ಲಿ ‘777 ಚಾರ್ಲಿ’ ನೋಡಿದಂದಿನಿಂದ ಲ್ಯಾಬ್ರಡಾರ್ ಒಂದೇ ನಾಯಿ, ಮಿಕ್ಕವೆಲ್ಲ ಪ್ರಾಣಿಗಳು ಎಂದು ನಂಬಿದವರು. ‘ನಮಗೆ ಗೊತ್ತಿರೋ ಕಡೆ ಒಂದಿದೆ, ಒಳ್ಳೇ ಮನೆತನ’ ಎಂದು ಫೋಟೋ ಹಿಡಿದು ಬಂದರು. ಇನ್ನೊಂದು ನಾಯಿಗೆ ಇಟ್ಟಿದ್ದ ಆಸೆಯನ್ನು ಮತ್ತೊಂದಕ್ಕೆ ವರ್ಗಾಯಿಸಲು ಅದೇನು ಸರ್ಕಾರಿ ನೌಕರನೇ? ಕಾಫಿ ಕೊಟ್ಟು ಕಳಿಸಿದೆವು.

ತಂದ ಸಾಮಾನುಗಳು ಮಾತ್ರ ದುಃಖ ಆಚರಿಸಲಿಲ್ಲ. ಜಾಲರಿಯ ಮೇಲೆ ಅಮ್ಮ ತೊಂಡೆಬಳ್ಳಿ ಹಬ್ಬಿಸಿದ್ದಾರೆ. ಅದು ಹುಚ್ಚು ಹಿಡಿದಂತೆ ಕಾಯುತ್ತಿದೆ. ತಟ್ಟೆಗೆ ಪಲ್ಯ ಬಿದ್ದಾಗಲೆಲ್ಲ ಬಾರದ ನಾಯಿಯ ಬೇಲಿಯನ್ನೇ ತಿನ್ನುತ್ತಿದ್ದೇನೆ ಅನಿಸುತ್ತದೆ, ಆದರೂ ಎರಡನೇ ಸಲ ಬಡಿಸಿಕೊಳ್ಳುತ್ತೇನೆ. ಎರಡನೇ ಬಟ್ಟಲನ್ನು ಒಳಗಿಡೋಣವೆಂದರೆ ಚಕ್ಕುಲಿ ಬಿಡಲಿಲ್ಲ. ಒಂದರಲ್ಲಿ ಅನ್ನ ಮುಗಿಸಿ, ಇನ್ನೊಂದರ ಮುಂದೆ ಬೇರೆ ಮುಖ ಹೊತ್ತು ಕೂರುತ್ತಾಳೆ, ಈಗಷ್ಟೇ ಮುಧೋಳದಿಂದ ಬಂದವಳ ಹಾಗೆ. ಎರಡು ಹಾಸಿಗೆಗಳನ್ನು ಒತ್ತಾಗಿ ಎಳೆದುಕೊಂಡು ಮುಂಗಾಲು ಒಂದರಲ್ಲಿ, ಹಿಂಗಾಲು ಇನ್ನೊಂದರಲ್ಲಿ ಚಾಚಿ ಮಲಗುತ್ತಾಳೆ. ಮಧ್ಯಾಹ್ನದ ನಿಟ್ಟುಸಿರು ಹಾಗೇ ಇದೆ. ಅದು ತೃಪ್ತಿಯದ್ದೆಂದು ಈಗ ನನ್ನ ಹೆಂಡತಿಯ ಹೊಸ ವ್ಯಾಖ್ಯಾನ.

ಮೊನ್ನೆ ಆ ಅಜ್ಜಿಯೇ ಫೋನ್ ಮಾಡಿದರು. ಮರಿಗೆ ಗೌರಿ ಎಂದು ಹೆಸರಿಟ್ಟಿದ್ದಾರಂತೆ. ಅವರ ಮನೆಯಲ್ಲಿ ದೇವರ ಹೆಸರಿಗೆ ಅಡ್ಡಿಯಿಲ್ಲ. ಹೆಂಡತಿ ಸ್ಪೀಕರ್ ಹಾಕಿದಳು. ‘ಸಿಟ್ಟ ಮಾಡ್ಕೋಬ್ಯಾಡ್ರಿ ತಂಗೀ. ಎಲ್ಲಾರೂ ಬರ್ರಿ, ರೊಟ್ಟಿ ಬಡೀತೀನಿ. ನಿಮ್ಮ ನಾಯೀನೂ ಕರ್ಕೊಂಡ ಬರ್ರಿ. ಈ ಗೌರಿಗೆ ಒಬ್ಬಾಕಿಗೇ ಬ್ಯಾಸರ ಆಗೇತಿ, ಜೋಡಿ ಬೇಕು. ನಿಮ್ಮದನ್ನ ಇಲ್ಲೇ ಬಿಟ್ಟ ಹೋಗ್ರಿ.’

ಹೆಂಡತಿ ‘ನೋಡೋಣ ಅಜ್ಜಿ’ ಎಂದು ಫೋನ್ ಇಟ್ಟು, ಅಂಗಳದಲ್ಲಿದ್ದ ಚಕ್ಕುಲಿಯನ್ನು ಒಳಗೆ ಕರೆದು ಬಾಗಿಲಿಗೆ ಚಿಲಕ ಹಾಕಿದಳು.