ಫೋರ್ಸೈತ್‌ನಲ್ಲಿ ಮನೆ ಕೊಂಡ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ



ಅಟ್ಲಾಂಟಾದಿಂದ ಜಾರ್ಜಿಯಾ 400 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ, ಆಲ್ಫರೆಟ್ಟಾ ದಾಟಿದ ಮೇಲೆ ಸಿಗುವುದು ಫೋರ್ಸೈತ್ ಕೌಂಟಿ. ಒಳ್ಳೆಯ ಶಾಲೆ, ಬಡಾವಣೆಗೊಂದು ಈಜುಕೊಳ, ಪಕ್ಕದಲ್ಲೇ ಲೇನಿಯರ್ ಸರೋವರ. ನಮ್ಮವರು ಇಲ್ಲಿ ಮನೆ ಮಾಡಿದ್ದು ಸಹಜವೇ. 1990ರಲ್ಲಿ 44 ಸಾವಿರವಿದ್ದ ಜನಸಂಖ್ಯೆ 2020ರ ಹೊತ್ತಿಗೆ ಎರಡೂವರೆ ಲಕ್ಷ ದಾಟಿತು. ಅದರಲ್ಲಿ ಏಷ್ಯಾ ಮೂಲದವರು ಸುಮಾರು ಶೇ. 18. ಕಪ್ಪು ಜನರು ಮಾತ್ರ ಶೇ. 4ರ ಆಸುಪಾಸು. ಅಟ್ಲಾಂಟಾ ನಗರದಲ್ಲೋ, ಅವರು ಹತ್ತಿರಹತ್ತಿರ ಅರ್ಧದಷ್ಟಿದ್ದಾರೆ. ಈ ಅಂತರ ತಾನಾಗಿ ಹುಟ್ಟಿದ್ದಲ್ಲ.

ಊರಲ್ಲಿ ಒಂದು ಸೈಟು ಕೊಳ್ಳಬೇಕಾದರೆ ನಾವು ಮೂಲಪತ್ರ, ಋಣಭಾರ ಪತ್ರ ಎಲ್ಲವನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡುವುದಿಲ್ಲ. ಈ ನೆಲಕ್ಕೂ ಒಂದು ಮೂಲಪತ್ರವಿದೆ. ಅದನ್ನು ಓದಿ ಎಂದು ಕೇಳಿಕೊಳ್ಳಲು ಈ ಪತ್ರ.

1912ರ ಸೆಪ್ಟೆಂಬರಿನಲ್ಲಿ ಇಲ್ಲಿ ಬಿಳಿಯ ಯುವತಿಯೊಬ್ಬಳ ಮೇಲೆ ಹಲ್ಲೆಯಾಯಿತು, ಆಕೆ ಉಳಿಯಲಿಲ್ಲ. ಅನುಮಾನದ ಮೇಲೆ ಹಿಡಿದಿದ್ದ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಮನುಷ್ಯನನ್ನು ಗುಂಪೊಂದು ಕಮಿಂಗ್ ಪೇಟೆಯ ಜೈಲಿನಿಂದಲೇ ಎಳೆದು ಕೊಂದು ಕಂಬಕ್ಕೆ ತೂಗುಹಾಕಿತು. ಅದೇ ಪ್ರಕರಣದಲ್ಲಿ ಹದಿಹರೆಯದ ಇಬ್ಬರು ಕಪ್ಪು ಹುಡುಗರಿಗೆ ಅವಸರದ ವಿಚಾರಣೆ ನಡೆಸಿ ಅಕ್ಟೋಬರಿನಲ್ಲಿ ಗಲ್ಲು ಹಾಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕುದುರೆಯೇರಿದ ಗುಂಪುಗಳು ರಾತ್ರಿ ಹೊತ್ತು ಬಂದು ಚರ್ಚುಗಳಿಗೆ ಬೆಂಕಿಯಿಟ್ಟವು, ಮನೆಗಳಿಗೆ ಗುಂಡು ಹಾರಿಸಿದವು. ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಕಪ್ಪು ಜನರು ಊರು ಬಿಟ್ಟರು. ಕೆಲವರು ಹೊಲವನ್ನು ಸಿಕ್ಕಿದ ಬೆಲೆಗೆ ಮಾರಿದರು. ಮಾರಲಾಗದೆ ಬಿಟ್ಟುಹೋದವರ ನೆಲದಲ್ಲಿ ಎಷ್ಟೋ ಭಾಗ ನೆರೆಹೊರೆಯವರ ಪಾಲಾಯಿತು. ಮನೆ ಖರೀದಿಯ ದಿನ ನಾವು ಸಹಿ ಹಾಕುವ ಕಾಗದದ ಕಂತೆಯಲ್ಲಿ ಇದ್ಯಾವುದೂ ಇರುವುದಿಲ್ಲ.

ಮುಂದೆ ಮುಕ್ಕಾಲು ಶತಮಾನ ಇದು ಬಿಳಿಯರದೇ ಕೌಂಟಿಯಾಗಿ ಉಳಿಯಿತು. 1987ರ ಜನವರಿ 17ರಂದು ನಾಗರಿಕ ಹಕ್ಕುಗಳ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಸಣ್ಣ ಗುಂಪಿನೊಂದಿಗೆ ಇಲ್ಲಿ ಶಾಂತಿಯ ನಡಿಗೆ ಹೊರಟಾಗ ಕಲ್ಲು, ಬಾಟಲಿಗಳ ಮಳೆಯಾಯಿತು. ಒಂದು ವಾರದ ನಂತರ ಸುಮಾರು 20 ಸಾವಿರ ಜನ ಬಂದು ನಡೆದರು; ಅವರ ಕಾವಲಿಗೆ ನ್ಯಾಷನಲ್ ಗಾರ್ಡ್ ಪಡೆಯೇ ಬರಬೇಕಾಯಿತು.

ಇದೇ ವಿಲಿಯಮ್ಸ್ 1965ರಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಅಲಬಾಮಾದ ಸೆಲ್ಮಾದ ಸೇತುವೆಯ ಮೇಲೆ ಹೋರಾಟದ ಸಂಗಾತಿ ಜಾನ್ ಲೂಯಿಸ್ ಜೊತೆ ಮುಂದಾಳಾಗಿ ನಡೆದು ಪೊಲೀಸರ ಏಟು ಎದುರಿಸಿದವರು. ಜನಾಂಗಭೇದದ ವಿರುದ್ಧ ದೇಶದ ಮನಸ್ಸು ಹೊರಳತೊಡಗಿದ್ದ ಆ ವರ್ಷವೇ ವಲಸೆ ಕಾನೂನೂ ಬದಲಾಗಿ ಭಾರತೀಯರಿಗೆ ಅಮೆರಿಕದ ಬಾಗಿಲು ತೆರೆಯಿತು. ಏಟು ತಿಂದವರ ಹೋರಾಟದ ಫಲ ನಮಗೂ ಸಿಕ್ಕಿತು, ಅವರ ಜನರನ್ನು ಓಡಿಸಿದ ನೆಲವೂ ನಮಗೆ ಸಿಕ್ಕಿತು. ಹೀಗಿರುವಾಗ "ಹಳೆಯ ಗಲಾಟೆ, ನಮಗೇಕೆ" ಎಂದು ಸುಮ್ಮನಿರುವುದು ನನಗೆ ಸರಿಕಾಣುವುದಿಲ್ಲ.

ಮಾಡಬಹುದಾದದ್ದು ಬೇಕಾದಷ್ಟಿದೆ. ಎಡ್ವರ್ಡ್ಸ್ ಹತ್ಯೆಯ ನೆನಪಿಗೆ ಕಮಿಂಗ್‌ನಲ್ಲಿ ಈಗ ಫಲಕವಿದೆ. ದೊಡ್ಡ ಮಕ್ಕಳನ್ನು ಕರೆದೊಯ್ದು ಓದಿಸಿ. ಪ್ಯಾಟ್ರಿಕ್ ಫಿಲಿಪ್ಸ್ ಬರೆದ 'ಬ್ಲಡ್ ಅಟ್ ದ ರೂಟ್' ಈ ಇತಿಹಾಸವನ್ನೇ ಹೇಳುತ್ತದೆ. ಕನ್ನಡ ಕೂಟದಲ್ಲಿ ಒಮ್ಮೆ ಅದರ ಚರ್ಚೆಯಾಗಲಿ. ಶಾಲಾ ಮಂಡಳಿಯ ಸಭೆಗೆ ಹೋದಾಗ ಗಣಿತದ ತರಗತಿಯ ಬಗ್ಗೆ ಕೇಳುವಷ್ಟೇ ಒತ್ತಿ, 1912ರ ಪಾಠ ಯಾವ ತರಗತಿಯಲ್ಲಿದೆ ಎಂದೂ ಕೇಳಿ. ಊರು ಬಿಟ್ಟವರ ಸಂತತಿಗಾಗಿ ಇಲ್ಲಿನ ಚರ್ಚುಗಳು ಸೇರಿ ವಿದ್ಯಾರ್ಥಿವೇತನವೊಂದನ್ನು ಆರಂಭಿಸಿವೆ. ಈ ಬಾರಿ ರಾಜ್ಯೋತ್ಸವಕ್ಕೆ ಚಂದಾ ಎತ್ತುವಾಗ ಅದಕ್ಕೂ ಒಂದು ಪಾಲು ತೆಗೆದಿಡಿ.

ಇಂತಿ ನಿಮ್ಮವ,
ಅಟ್ಲಾಂಟಾದ ಒಬ್ಬ ಕನ್ನಡಿಗ