ಗುಡ್ಡದಲ್ಲಿ ಮಕ್ಕಳಿದ್ದಾರೆ, ಆದ್ದರಿಂದ ಸಿಗ್ನಲ್ ಇದೆ

ಮಲೆನಾಡಿನ ಮಗು ಶಾಲೆಗೆ ಹೇಗೆ ಹೋಗುತ್ತದೆ, ಅದರ ಕೈಗೆ ಮೊಬೈಲು ಯಾವಾಗ ಬರುತ್ತದೆ ಎಂಬೆರಡು ಪ್ರಶ್ನೆಗಳನ್ನು ಪೂರ್ವಾಚಾರ್ಯರು ಯಾರೂ ಮುಟ್ಟಿದಂತಿಲ್ಲ. ಆದಕಾರಣ ಈ ಪ್ರಬಂಧ. ನಮ್ಮ ಪ್ರತಿಜ್ಞೆ ಇಷ್ಟೇ: ಶಾಲೆಯ ದೂರವನ್ನು ರಸ್ತೆಯೂ ನೆಟ್‌ವರ್ಕಿನ ಬಲವನ್ನು ಟವರೂ ನಿರ್ಧರಿಸುವುದಿಲ್ಲ, ಎರಡೂ ಮನೆಯ ಜಗಲಿಯಲ್ಲೇ ತೀರ್ಮಾನವಾಗುತ್ತವೆ.

ಪೂರ್ವಪಕ್ಷ ಹೀಗಿದೆ. ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ 5ನೇ ತರಗತಿವರೆಗೆ 1 ಕಿ.ಮೀ., 8ನೇ ತರಗತಿವರೆಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು, ಇದ್ದರೆ ಮುಗಿಯಿತು. ಈ ವಾದ ನಿಲ್ಲದು. ಅಣ್ಣ ಎದ್ದು, ದೋಸೆ ತಿಂದು, ಚೀಲ ಹೆಗಲಿಗೇರಿಸಿದರೆ ಮೂರು ಕಿಲೋಮೀಟರು ಮೂರೇ. ತಂಗಿಯ ಮೂರು ಕಿಲೋಮೀಟರು ಕೊಟ್ಟಿಗೆಯಿಂದ ಶುರು: ಸಗಣಿ ಬಾಚಿ, ಅಂಗಳ ಗುಡಿಸಿ, ಪಾತ್ರೆ ಬೆಳಗಿ ಅವಳು ದಣಪೆ ದಾಟುವ ಹೊತ್ತಿಗೆ ಶಾಲೆ ಇನ್ನಷ್ಟು ದೂರ ಹೋಗಿರುತ್ತದೆ. ಆಷಾಢದಲ್ಲಿ ಕಾಲುಸಂಕದ ಮೇಲೆ ನೀರು ಹತ್ತಿದರೆ ಶಾಲೆ ಇನ್ನೊಂದು ದೇಶ. ಎಂಟನೇ ತರಗತಿ ಮುಗಿದ ಮೇಲೆ ಕಾಯ್ದೆಯೂ ಜೊತೆಗೆ ಬರುವುದಿಲ್ಲ.

ಇನ್ನು ಸೈಕಲ್ ಮೀಮಾಂಸೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ತೊಡಗಿತು. ಕೋವಿಡ್ ಬಂದಾಗ ಯೋಜನೆ ನಿಂತಿತು. ಅದಕ್ಕೂ ಮೊದಲು ಸಿಕ್ಕ ಸೈಕಲ್ಲು ಶಾಸ್ತ್ರದ ಪ್ರಕಾರ ವಿದ್ಯಾರ್ಥಿನಿಯದು. ಪ್ರತ್ಯಕ್ಷ ಪ್ರಮಾಣ ಬೇರೆ ಹೇಳುತ್ತದೆ. ಬೆಳಿಗ್ಗೆ ಅದರ ಕ್ಯಾರಿಯರಿನಲ್ಲಿ ಹಾಲಿನ ಕ್ಯಾನು ಕೂತು ಡೈರಿಗೆ ಹೋಗುತ್ತದೆ, ಬರುವಾಗ ಹಿಂಡಿ ಚೀಲ. ಭಾನುವಾರ ಅಣ್ಣನ ಕ್ರಿಕೆಟ್ಟು. ಒಡೆತನ ಅವಳಿಗೆ ಮರಳುವುದು ಒಂದೇ ಸಂದರ್ಭದಲ್ಲಿ: “ನಿನ್ ಸೈಕಲ್ ಪಂಕ್ಚರ್ ಆಗಿದೆ ನೋಡೇ!”

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ಟಿನ ಖರ್ಚಿಲ್ಲ. ಪಾಸು ಮಾಡಿಸಲು ಓಡಾಡುವವನು ಅಣ್ಣ. ಮನೆಯೊಳಗೆ ಎಂದೂ ಆಗದ್ದು ಬಸ್ಸಿನೊಳಗೆ ಆಯಿತು ಎಂದು ಹಿಗ್ಗುವ ಮೊದಲು ಬಸ್ಸು ನಿಲ್ಲಬೇಕಷ್ಟೆ. ಯೂನಿಫಾರ್ಮಿನ ಗುಂಪು ಕಂಡರೆ ನಿಲ್ದಾಣವೇ ನೂರು ಮಾರು ಮುಂದೆ ಸರಿಯುವ ವಿದ್ಯಮಾನಕ್ಕೆ ಭೌತಶಾಸ್ತ್ರದಲ್ಲಿ ವಿವರಣೆ ಸಿಕ್ಕಿಲ್ಲ.

ಇನ್ನು ಮೊಬೈಲಿನ ಪ್ರಶ್ನೆ. ಗುಡ್ಡದಲ್ಲಿ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ ಎಂದು ನೈಯಾಯಿಕರು ಶತಮಾನಗಳಿಂದ ಹೇಳಿಕೊಂಡು ಬಂದರು. 2020ರಲ್ಲಿ ಶಾಲೆಗಳಿಗೆ ಬೀಗ ಬಿದ್ದು ಪಾಠ ಮೊಬೈಲಿಗೆ ಬಂದಾಗ ಮಲೆನಾಡು ಈ ಅನುಮಾನವನ್ನು ತಿದ್ದಿ ಬರೆಯಿತು: ಗುಡ್ಡದಲ್ಲಿ ಕೊಡೆ ಹಿಡಿದ ಮಕ್ಕಳಿದ್ದಾರೆ, ಆದ್ದರಿಂದ ಸಿಗ್ನಲ್ ಇದೆ. ಇದರಲ್ಲೂ ಒಂದು ದೋಷ ಉಳಿಯಿತು. ಜೊತೆಗೆ ಬರಲು ಗಂಡಸರಿಗೆ ಪುರುಸೊತ್ತಿಲ್ಲದ ದಿನ ಹುಡುಗಿ ಗುಡ್ಡದಲ್ಲಿರಲಿಲ್ಲ. ಅಂದು ಅವಳಿಗೆ ಆನ್‌ಲೈನ್ ರಜೆ. ಅಪ್ಪ ಸಂತೆಗೆ ಹೋದರೆ ತರಗತಿಯೂ ಅವನ ಕಿಸೆಯಲ್ಲಿ ಕೂತು ಸಂತೆಗೆ ಹೋಗುತ್ತಿತ್ತು.

ಈಗ ಟವರು ಬಂದ ಊರುಗಳಲ್ಲೂ ಪ್ರಮೇಯ ಬದಲಾಗಿಲ್ಲ. ಸಂಜೆ ಫೋನು ಅಣ್ಣನದು. ಅವನು “ಪ್ರಾಜೆಕ್ಟ್ ವರ್ಕು” ಅಂದರೆ ಸಾಕು, ಪರದೆಯ ಮೇಲೆ ಗುಂಡು ಹಾರುತ್ತಿದ್ದರೂ ಯಾರೂ ಇಣುಕುವುದಿಲ್ಲ. ಊಟದ ನಂತರ ಅಜ್ಜಿಯ ಧಾರಾವಾಹಿ. ಪಾತ್ರೆ ಕವುಚಿ ಬಂದ ತಂಗಿಗೆ ಸಿಗುವ ಹೊತ್ತಿಗೆ ದಿನದ ಡೇಟಾ ಖಾಲಿ, ಬ್ಯಾಟರಿ ಕೆಂಪು. ಅವಳು ತ್ರಿಕೋನಮಿತಿಯ ವಿಡಿಯೊ ಒತ್ತಿದ ಕೂಡಲೇ ಒಳಕೋಣೆಯಿಂದ ಪ್ರಶ್ನೆ: “ಇಷ್ಟೊತ್ತಲ್ಲಿ ಏನ್ ನೋಡ್ತಿದ್ದೀಯೇ?” ಇದನ್ನು ಕುಚೋದ್ಯವೆಂದು ತಳ್ಳಿಹಾಕುವವರಿಗೆ 2023ರ ‘ಅಸರ್’ ಶಿಕ್ಷಣ ಸಮೀಕ್ಷೆಯ ವರದಿ ಇದೆ: ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳಲ್ಲಿ ಸ್ವಂತ ಫೋನಿರುವ ಹುಡುಗರು ಶೇ 43.7, ಹುಡುಗಿಯರು ಶೇ 19.8.

ಮುಂದಿನ ಸಂಶೋಧಕರು ಟವರಿನ ಎತ್ತರ ಅಳೆಯುವ ಮೊದಲು, ರಾತ್ರಿ ಒಂಬತ್ತಕ್ಕೆ ಫೋನು ಯಾರ ಕೈಯಲ್ಲಿದೆ, ಪಾತ್ರೆ ಯಾರ ಕೈಯಲ್ಲಿದೆ ಎಂದು ಬರೆದುಕೊಳ್ಳಲಿ. ಓದುಗರು ಇದನ್ನು ಇವತ್ತೇ ಸ್ವಂತ ಮನೆಯಲ್ಲಿ ಪರೀಕ್ಷಿಸಬಹುದು. ಅನುದಾನಕ್ಕೆ ಅರ್ಜಿ ಹಾಕಬೇಕಾಗಿಲ್ಲ.